ಸರಾಸರಿಯೊಳಗೆ ಮರೆಯಾಗುವ ಮಳೆ: ಕರ್ನಾಟಕದ ಋತುಗಳು ಸೀಮೆಗೊಂದು ಬಗೆಯಲ್ಲಿ ಬದಲಾಗುವುದೇಕೆ?

2019ರ ಮುಂಗಾರನ್ನು ದೇಶದ ಹವಾಮಾನ ದಾಖಲೆಗಳು ಒಳ್ಳೆಯ ಮುಂಗಾರು ಎಂದೇ ಗುರುತಿಸುತ್ತವೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕು ತಿಂಗಳಲ್ಲಿ ದೇಶದಾದ್ಯಂತ ದೀರ್ಘಾವಧಿ ಸರಾಸರಿಯ ಶೇ 110ರಷ್ಟು ಮಳೆಯಾಗಿತ್ತು. ಅದೇ ಲೆಕ್ಕವನ್ನು ತಿಂಗಳುವಾರು ಬಿಡಿಸಿದರೆ, ಜೂನ್‌ನಲ್ಲಿ ಶೇ 33ರಷ್ಟು ಕೊರತೆಯೂ ಸೆಪ್ಟೆಂಬರ್‌ನಲ್ಲಿ ಶೇ 52ರಷ್ಟು ಹೆಚ್ಚುವರಿಯೂ ಕಾಣುತ್ತವೆ. ಇನ್ನೂ ಕೆಳಗಿಳಿದು ಕೃಷ್ಣಾ ತೀರದ ಅಥಣಿ, ಚಿಕ್ಕೋಡಿ, ರಾಯಬಾಗ ತಾಲ್ಲೂಕುಗಳನ್ನು ನೋಡಿದರೆ ಚಿತ್ರವೇ ಬೇರೆ. ಆ ವರ್ಷದ ಮೇ ತಿಂಗಳಲ್ಲಿ ನದಿ ಬತ್ತಿ, ಕುಡಿಯುವ ನೀರಿಗಾಗಿ ಕೊಯ್ನಾ ಜಲಾಶಯದಿಂದ ನೀರು ಬಿಡಿ ಎಂದು ಕರ್ನಾಟಕವು ಮಹಾರಾಷ್ಟ್ರವನ್ನು ಕೇಳಿಕೊಳ್ಳಬೇಕಾಯಿತು. ಆಗಸ್ಟ್ ಮೊದಲ ಎರಡು ವಾರಗಳಲ್ಲಿ ಅದೇ ಕೊಯ್ನಾದಿಂದ, ಅದರ ಆಸುಪಾಸಿನ ಘಟ್ಟಗಳಿಂದ ನುಗ್ಗಿದ ನೀರು ಅವೇ ತಾಲ್ಲೂಕುಗಳ ಊರುಗಳನ್ನು ಮುಳುಗಿಸಿ, ಜನ ಗಂಜಿ ಕೇಂದ್ರಗಳಲ್ಲಿ ಉಳಿಯುವಂತಾಯಿತು. ಎರಡೂವರೆ ತಿಂಗಳ ಅಂತರದಲ್ಲಿ ಒಂದೇ ನೆಲ ಬರವನ್ನೂ ನೆರೆಯನ್ನೂ ಕಂಡಿತು. ‘ಶೇ 110’ ಎಂಬ ಅಂಕಿಯಲ್ಲಿ ತಪ್ಪೇನೂ ಇಲ್ಲ, ಆದರೆ ಆ ಊರುಗಳಲ್ಲಿ ಏನು ನಡೆಯಿತೆಂಬುದನ್ನು ಅದು ಹೇಳುವುದಿಲ್ಲ.

ಹವಾಮಾನ ಬದಲಾವಣೆಯ ಮಾತು ಬಂದಾಗಲೆಲ್ಲ ನಮ್ಮಲ್ಲಿ ಮೊದಲು ಏಳುವ ಪ್ರಶ್ನೆ, ಮಳೆ ಹೆಚ್ಚಾಗುತ್ತಿದೆಯೋ ಕಡಿಮೆಯಾಗುತ್ತಿದೆಯೋ ಎಂಬುದು. ಈ ಪ್ರಶ್ನೆಗೆ ಸಿಗುವ ಉತ್ತರ ಎಷ್ಟೇ ನಿಖರವಾಗಿದ್ದರೂ ಅದರಿಂದ ರೈತನಿಗಾಗಲಿ, ಅಣೆಕಟ್ಟೆಯ ಎಂಜಿನಿಯರಿಗಾಗಲಿ ಆಗುವ ಉಪಯೋಗ ಅಲ್ಪ ಎಂಬುದು ನನ್ನ ಅನಿಸಿಕೆ. ಯಾವ ಸೀಮೆಯಲ್ಲಿ, ಯಾವ ತಿಂಗಳಲ್ಲಿ, ಎಷ್ಟು ಹೊತ್ತಿನೊಳಗೆ ಸುರಿಯುತ್ತದೆ, ನಡುವೆ ಎಷ್ಟು ದಿನ ಬಿಡುವು ಕೊಡುತ್ತದೆ, ಬಿದ್ದ ನೀರು ನೆಲದಲ್ಲಿ ನಿಲ್ಲುವಷ್ಟು ತಂಪು ಉಳಿದಿದೆಯೇ ಎಂಬ ಪ್ರಶ್ನೆಗಳನ್ನು ಬೇರೆ ಬೇರೆಯಾಗಿಯೇ ಕೇಳಬೇಕಾಗುತ್ತದೆ. ಕರ್ನಾಟಕದಂಥ ರಾಜ್ಯದಲ್ಲಿ ಈ ಪ್ರಶ್ನೆಗಳ ಉತ್ತರಗಳು ನೂರು ಕಿಲೋಮೀಟರಿನೊಳಗೆ ತಿರುವುಮುರುವಾಗಬಲ್ಲವು.

ಮೊದಲು ‘ವಾಡಿಕೆ ಮಳೆ’ಯ ಲೆಕ್ಕ ಹೇಗೆಂದು ನೋಡೋಣ. ಹವಾಮಾನದ ಸರಾಸರಿಗೆ ಕನಿಷ್ಠ ಮೂವತ್ತು ವರ್ಷಗಳ ಮಾಪನ ಬೇಕೆಂಬುದು ಜಾಗತಿಕವಾಗಿ ಒಪ್ಪಿತವಾದ ಕ್ರಮ. ಭಾರತೀಯ ಹವಾಮಾನ ಇಲಾಖೆಯು ಮುಂಗಾರಿನ ಮಟ್ಟಿಗೆ ಐವತ್ತು ವರ್ಷಗಳ ಸರಾಸರಿಯನ್ನು ಬಳಸುತ್ತದೆ. 1961ರಿಂದ 2010ರವರೆಗಿನ ಲೆಕ್ಕದಂತೆ 88 ಸೆಂ.ಮೀ. ಇದ್ದ ದೇಶದ ಮುಂಗಾರು ಸರಾಸರಿ, 1971ರಿಂದ 2020ರವರೆಗಿನ ಲೆಕ್ಕಕ್ಕೆ ಬದಲಾದಾಗ 87 ಸೆಂ.ಮೀ.ಗೆ ಇಳಿಯಿತು. ಕರ್ನಾಟಕವನ್ನು ಇಲಾಖೆ ಮೂರು ಉಪವಿಭಾಗಗಳಾಗಿ ನೋಡುತ್ತದೆ. ಮುಂಗಾರಿನ ನಾಲ್ಕು ತಿಂಗಳಲ್ಲಿ ಕರಾವಳಿಗೆ ಸುಮಾರು 3,100 ಮಿ.ಮೀ., ದಕ್ಷಿಣ ಒಳನಾಡಿಗೆ 700 ಮಿ.ಮೀ.ಗೆ ಹತ್ತಿರ, ಉತ್ತರ ಒಳನಾಡಿಗೆ 500 ಮಿ.ಮೀ. ಆಸುಪಾಸಿನ ಮಳೆ ವಾಡಿಕೆ. ಇಷ್ಟು ಅಂತರವಿರುವ ಮೂರು ಸೀಮೆಗಳನ್ನು ಕೂಡಿಸಿ ‘ರಾಜ್ಯದಲ್ಲಿ ವಾಡಿಕೆಗಿಂತ ಶೇ 5ರಷ್ಟು ಹೆಚ್ಚು ಮಳೆ’ ಎಂದು ಪ್ರಕಟಿಸುವಾಗ, ಕರಾವಳಿಯ ಒಂದು ವಾರದ ಜಡಿಮಳೆಯೇ ವಿಜಯಪುರದ ಇಡೀ ಋತುವಿನ ಕೊರತೆಯನ್ನು ಕಾಗದದ ಮೇಲೆ ತುಂಬಿಬಿಡುತ್ತದೆ.

ಮಾಪಕದ ಕ್ರಮದಲ್ಲಿಯೂ ಇಂಥದೇ ಒಂದು ಮಿತಿಯಿದೆ. ದಿನವೂ ಬೆಳಿಗ್ಗೆ 8.30ಕ್ಕೆ ಮಳೆಮಾಪಕದ ಪಾತ್ರೆಯಲ್ಲಿ ಸೇರಿದ ನೀರನ್ನು ಅಳೆಯುವ ಗಾಜಿಗೆ ಸುರಿದು, ಹಿಂದಿನ ಇಪ್ಪತ್ನಾಲ್ಕು ಗಂಟೆಗಳ ಮಳೆಯೆಂದು ಬರೆಯಲಾಗುತ್ತದೆ. 2.5 ಮಿ.ಮೀ. ಅಥವಾ ಅದಕ್ಕಿಂತ ಹೆಚ್ಚು ಇದ್ದರೆ ಅದು ‘ಮಳೆ ದಿನ’. ಸಂಜೆ ಒಂದು ಗಂಟೆಯಲ್ಲಿ ರಪರಪನೆ ಸುರಿದ 60 ಮಿ.ಮೀ. ಹೊಲದ ಮೇಲ್ಮಣ್ಣನ್ನು ಎಳೆದುಕೊಂಡು ಹಳ್ಳ ಸೇರಿರುತ್ತದೆ. ಆರು ದಿನಗಳ ಕಾಲ ದಿನಕ್ಕೆ ಹತ್ತು ಮಿ.ಮೀ.ಯಂತೆ ಹನಿದ 60 ಮಿ.ಮೀ. ಬೇರಿನ ತನಕ ಇಳಿದಿರುತ್ತದೆ. ತಿಂಗಳ ಕೊನೆಯ ತಖ್ತೆಯಲ್ಲಿ ಎರಡೂ ಒಂದೇ. ಹೀಗಾಗಿ ಮಳೆಯ ಮೊತ್ತದ ಜೊತೆಗೆ ಮಳೆ ದಿನಗಳ ಸಂಖ್ಯೆಯನ್ನೂ, ದಿನದ ಗರಿಷ್ಠ ಪ್ರಮಾಣವನ್ನೂ ನೋಡುವುದು ಅನಿವಾರ್ಯ.

ಇನ್ನು ಭೌತವಿಜ್ಞಾನದ ಕಡೆಗೆ ಬರೋಣ. ಗಾಳಿಯ ಉಷ್ಣತೆ ಒಂದು ಡಿಗ್ರಿ ಸೆಲ್ಸಿಯಸ್ ಏರಿದರೆ ಅದು ಹಿಡಿದಿಡಬಲ್ಲ ನೀರಾವಿಯ ಪ್ರಮಾಣ ಸುಮಾರು ಶೇ 7ರಷ್ಟು ಹೆಚ್ಚುತ್ತದೆ. ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧಕ್ಕೆ ಹೋಲಿಸಿದರೆ 2011–2020ರ ದಶಕದಲ್ಲಿ ಭೂಮಿಯ ಸರಾಸರಿ ಉಷ್ಣತೆ 1.1 ಡಿಗ್ರಿಯಷ್ಟು ಹೆಚ್ಚಿತ್ತು. ಆದರೆ ಒಟ್ಟು ಮಳೆ ಅದೇ ಪ್ರಮಾಣದಲ್ಲಿ ಏರುವುದಿಲ್ಲ. ಆವಿ ಮತ್ತೆ ನೀರಾಗುವಾಗ ಹೊರಬೀಳುವ ಶಾಖವನ್ನು ವಾತಾವರಣ ಬಾಹ್ಯಾಕಾಶಕ್ಕೆ ಕಳಿಸಬೇಕು, ಆ ಕೆಲಸಕ್ಕೊಂದು ಮಿತಿಯಿದೆ. ಆದ್ದರಿಂದ ಜಗತ್ತಿನ ಒಟ್ಟು ಮಳೆ ಪ್ರತಿ ಡಿಗ್ರಿಗೆ ಶೇ 2ರಿಂದ 3ರಷ್ಟು ಮಾತ್ರ ಹೆಚ್ಚುತ್ತದೆ. ಮೋಡಕ್ಕೆ ಸಿಗುವ ಸರಕು ಶೇ 7ರಷ್ಟು ಹೆಚ್ಚಿ, ಒಟ್ಟು ಮಳೆ ಶೇ 3ರಷ್ಟು ಮಾತ್ರ ಹೆಚ್ಚಿದರೆ ಉಳಿದ ಲೆಕ್ಕ ಸರಿಹೊಂದುವ ದಾರಿ ಸರಳ: ಸುರಿಯುವಾಗ ಜೋರಾಗಿ ಸುರಿಯುತ್ತದೆ, ಸುರಿಯದ ದಿನಗಳು ಹೆಚ್ಚುತ್ತವೆ. ನೆರೆಯೂ ಬರವೂ ಒಂದೇ ವರ್ಷದಲ್ಲಿ ಬರುವುದು ವಿರೋಧಾಭಾಸದಂತೆ ಕಂಡರೂ ಎರಡೂ ಹುಟ್ಟುವುದು ಈ ಒಂದೇ ಲೆಕ್ಕದಿಂದ.

ಭಾರತದ ಮಾಪನಗಳು ಇದನ್ನೇ ತೋರಿಸುತ್ತವೆ. ಕೇಂದ್ರ ಭೂವಿಜ್ಞಾನ ಸಚಿವಾಲಯವು 2020ರಲ್ಲಿ ಪ್ರಕಟಿಸಿದ ಮೌಲ್ಯಮಾಪನದ ಪ್ರಕಾರ 1951ರಿಂದ 2015ರ ನಡುವೆ ದೇಶದ ಮುಂಗಾರು ಮಳೆ ಸುಮಾರು ಶೇ 6ರಷ್ಟು ಕುಸಿಯಿತು, ಮತ್ತು ಈ ಇಳಿಕೆ ಎದ್ದು ಕಾಣುವುದು ಗಂಗಾ ಬಯಲಿನಲ್ಲಿ ಹಾಗೂ ಪಶ್ಚಿಮ ಘಟ್ಟಗಳಲ್ಲಿ. ಅದೇ ಅವಧಿಯಲ್ಲಿ ಮಧ್ಯ ಭಾರತದಲ್ಲಿ ದಿನಕ್ಕೆ 150 ಮಿ.ಮೀ. ಮೀರುವ ಮಳೆಯ ಘಟನೆಗಳು ಸುಮಾರು ಶೇ 75ರಷ್ಟು ಹೆಚ್ಚಿದವು. ಮುಂಗಾರಿನ ನಡುವೆ ಮಳೆ ಬಿಡುವು ಕೊಡುವ ಶುಷ್ಕ ಅವಧಿಗಳು 1951–1980ಕ್ಕೆ ಹೋಲಿಸಿದರೆ 1981–2011ರಲ್ಲಿ ಶೇ 27ರಷ್ಟು ಹೆಚ್ಚು ಬಾರಿ ಕಂಡುಬಂದವು.

ಬಿಸಿಯಾದರೆ ಮಳೆ ಹೆಚ್ಚಬೇಕಿತ್ತಲ್ಲವೇ, ಘಟ್ಟದಲ್ಲಿ ಇಳಿದದ್ದೇಕೆ ಎಂದು ಯಾರಾದರೂ ಕೇಳಬಹುದು. ಈ ವಿಷಯದ ತೊಡಕಿರುವುದೇ ಇಲ್ಲಿ. ಮುಂಗಾರಿನ ಗಾಳಿಯನ್ನು ಎಳೆದು ತರುವುದು ನೆಲಕ್ಕೂ ಕಡಲಿಗೂ ಇರುವ ಉಷ್ಣತೆಯ ವ್ಯತ್ಯಾಸ. 1951–2015ರ ಅವಧಿಯಲ್ಲಿ ಹಿಂದೂ ಮಹಾಸಾಗರದ ಉಷ್ಣವಲಯದ ಮೇಲ್ಮೈ ಸರಾಸರಿ ಒಂದು ಡಿಗ್ರಿಯಷ್ಟು ಬಿಸಿಯೇರಿತು, ಇದು ಜಗತ್ತಿನ ಸಾಗರಗಳ ಸರಾಸರಿಗಿಂತ ಹೆಚ್ಚು. ಇತ್ತ ಉತ್ತರ ಭಾರತದ ಮೇಲೆ ಕಾರ್ಖಾನೆ, ವಾಹನ, ಒಲೆಗಳ ಹೊಗೆಯ ಕಣಗಳು ಕವಿದು ಸೂರ್ಯನ ಬಿಸಿಲನ್ನು ತಡೆದದ್ದರಿಂದ ನೆಲ ಕಾಯಬೇಕಾದಷ್ಟು ಕಾಯಲಿಲ್ಲ. ಕಡಲು ಬಿಸಿಯಾಗಿ ನೆಲ ಹಿಂದುಳಿದಾಗ ಎಳೆತ ಸಡಿಲವಾಯಿತು. ಜೊತೆಗೆ, ಅರಬ್ಬೀ ಸಮುದ್ರದಿಂದ ಬೀಸುವ ಪಡುವಣ ಗಾಳಿಯ ಮುಖ್ಯ ಪ್ರವಾಹ ಉತ್ತರದ ಕಡೆಗೆ ಸರಿಯುವ ಒಲವು ತೋರುತ್ತಿದೆಯೆಂದು ಅಧ್ಯಯನಗಳು ಹೇಳುತ್ತವೆ. ಅದರಿಂದ ಘಟ್ಟದ ದಕ್ಷಿಣ ಭಾಗಕ್ಕೆ ನಷ್ಟ, ಉತ್ತರ ಭಾಗಕ್ಕೆ ಲಾಭ. ಗುಜರಾತ್, ರಾಜಸ್ಥಾನಗಳಂಥ ಒಣ ಸೀಮೆಗಳಲ್ಲಿ ಇತ್ತೀಚಿನ ದಶಕಗಳಲ್ಲಿ ಮಳೆ ಹೆಚ್ಚುತ್ತಿರುವುದನ್ನೂ ಇದರ ಜೊತೆಗಿಟ್ಟು ನೋಡಬೇಕು.

ಮುಂದಿನ ದಶಕಗಳ ಬಗ್ಗೆ ಹವಾಮಾನ ಮಾದರಿಗಳು ಹೇಳುವುದು ಇದಕ್ಕೆ ತದ್ವಿರುದ್ಧ. ಹೊಗೆಯ ಕಣಗಳು ಕೆಲವೇ ದಿನಗಳಲ್ಲಿ ಮಳೆಯೊಡನೆ ತೊಳೆದುಹೋಗುತ್ತವೆ. ಇಂಗಾಲದ ಡೈ ಆಕ್ಸೈಡ್ ಶತಮಾನಗಳ ಕಾಲ ಉಳಿಯುತ್ತದೆ. ಹೊಗೆ ಕಡಿಮೆಯಾಗುತ್ತ ಇಂಗಾಲ ಹೆಚ್ಚುತ್ತ ಹೋದಂತೆ ಭಾರತದ ಮುಂಗಾರು ಒಟ್ಟಾರೆ ಹೆಚ್ಚುತ್ತದೆ, ವರ್ಷದಿಂದ ವರ್ಷಕ್ಕೆ ಏರುಪೇರೂ ಹೆಚ್ಚುತ್ತದೆ ಎಂಬುದು ಅಂತರಸರ್ಕಾರಿ ಹವಾಮಾನ ಸಮಿತಿಯ ಆರನೆಯ ವರದಿಯ ನಿಲುವು. ಕಳೆದ ಅರವತ್ತು ವರ್ಷಗಳ ಇಳಿಕೆಯ ಗೆರೆಯನ್ನು ಹಾಗೆಯೇ ಮುಂದಕ್ಕೆ ಎಳೆದು ‘ಮಳೆ ನಿಂತೇ ಹೋಗುತ್ತದೆ’ ಎನ್ನುವವರು ಈ ಎರಡು ಕಾರಣಗಳ ಹಗ್ಗಜಗ್ಗಾಟವನ್ನು ಗಮನಿಸಿಲ್ಲವೆಂದೇ ಹೇಳಬೇಕು.

ಕರ್ನಾಟಕದ ಸೀಮೆಗಳು ಬೇರೆ ಬೇರೆಯಾಗಿ ಬದಲಾಗಲು ಅವುಗಳಿಗೆ ಮಳೆ ಬರುವ ದಾರಿಗಳೇ ಬೇರೆಯಾಗಿರುವುದು ಕಾರಣ. ಕರಾವಳಿ ಮತ್ತು ಮಲೆನಾಡಿಗೆ ಮಳೆ ತರುವುದು ಪಡುವಣ ಗಾಳಿ ಘಟ್ಟದ ಗೋಡೆಗೆ ಬಡಿದು ಮೇಲೇರುವ ಕ್ರಿಯೆ. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿ.ಮೀ. ಮೀರುವ ಮಳೆಯಾಗುವುದು ಹೀಗೆ. ಘಟ್ಟದ ನೆತ್ತಿ ದಾಟಿದೊಡನೆ ಗಾಳಿ ಇಳಿದು ಒಣಗುತ್ತದೆ. ಕೊಡಗಿನೊಳಗೇ ಭಾಗಮಂಡಲದಿಂದ ಕುಶಾಲನಗರಕ್ಕೆ ರಸ್ತೆಯಲ್ಲಿ ಎಪ್ಪತ್ತು ಕಿ.ಮೀ. ಹೋಗುವಷ್ಟರಲ್ಲಿ ಮಳೆ ಹಲವು ಪಟ್ಟು ಇಳಿದುಬಿಡುತ್ತದೆ. ಮಳೆನೆರಳಿನಲ್ಲಿರುವ ಬಯಲುಸೀಮೆಗೆ ಈ ಗಾಳಿಯಿಂದ ಸಿಗುವುದು ತುಂತುರು ಮಾತ್ರ. ಅಲ್ಲಿ ಹೊಲ ತುಂಬಿಸುವುದು ಮೇ ತಿಂಗಳ ಗುಡುಗುಮಳೆ, ಬಂಗಾಳ ಕೊಲ್ಲಿಯ ವಾಯುಭಾರ ಕುಸಿತ, ಮತ್ತು ಸೆಪ್ಟೆಂಬರ್–ಅಕ್ಟೋಬರ್‌ನಲ್ಲಿ ಮುಂಗಾರು ಹಿಂದೆ ಸರಿಯುವಾಗ ಏಳುವ ಮೋಡಗಳು. ಬೆಂಗಳೂರಿನ ಅತಿ ಹೆಚ್ಚು ಮಳೆಯ ತಿಂಗಳು ಜುಲೈ ಆಗಿರದೆ ಸೆಪ್ಟೆಂಬರ್ ಆಗಿರುವುದಕ್ಕೆ ಇದೇ ಕಾರಣ.

ಹೀಗಾಗಿ ಪಡುವಣ ಗಾಳಿ ದುರ್ಬಲವಾದರೆ ಏಟು ಬೀಳುವುದು ಘಟ್ಟಕ್ಕೆ. ಸಂಜೆಯ ಗುಡುಗುಮೋಡಗಳು ಬಲಗೊಂಡರೆ ಪರಿಣಾಮ ಕಾಣುವುದು ಬಯಲಿನಲ್ಲಿ. ಘಟ್ಟದ ಮಳೆಯ ಗುಣವೂ ಬದಲಾಗುತ್ತಿದೆ. ಪಶ್ಚಿಮ ಕರಾವಳಿಯ ಮುಂಗಾರು ಮೋಡಗಳು ಸಾಮಾನ್ಯವಾಗಿ ತಗ್ಗಿನಲ್ಲಿ ಹರಡಿ ದಿನಗಟ್ಟಲೆ ಒಂದೇ ಸಮನೆ ಸುರಿಯುವಂಥವು. ಇತ್ತೀಚಿನ ವರ್ಷಗಳಲ್ಲಿ ಮುಂಗಾರಿನ ನಡುವೆಯೇ ಹತ್ತು ಕಿ.ಮೀ. ಮೀರಿ ಎತ್ತರಕ್ಕೆ ಬೆಳೆದು ಕೆಲವೇ ಗಂಟೆಗಳಲ್ಲಿ ನೀರು ಸುರಿದುಬಿಡುವ ಮೋಡಗಳು ಹೆಚ್ಚುತ್ತಿರುವುದನ್ನು ಕೊಚ್ಚಿಯ ವಿಜ್ಞಾನಿಗಳು ಕೇರಳದ 2018 ಮತ್ತು 2019ರ ಪ್ರವಾಹಗಳ ಅಧ್ಯಯನದಲ್ಲಿ ಗುರುತಿಸಿದ್ದಾರೆ. ಬಿಸಿಯೇರಿದ ಅರಬ್ಬೀ ಸಮುದ್ರ ಇದಕ್ಕೆ ಬೇಕಾದ ಆವಿಯನ್ನು ಒದಗಿಸುತ್ತಿದೆ.

2018ರ ಆಗಸ್ಟ್ ಮಧ್ಯದಲ್ಲಿ ಕೊಡಗಿನ ಮಕ್ಕಂದೂರು, ಜೋಡುಪಾಲ, ಮೊಣ್ಣಂಗೇರಿ ಭಾಗಗಳಲ್ಲಿ ಗುಡ್ಡಗಳು ಜರಿದವು. ಅದೇ ವರ್ಷ ರಾಜ್ಯದ ನೂರು ತಾಲ್ಲೂಕುಗಳನ್ನು ಸರ್ಕಾರ ಬರಪೀಡಿತವೆಂದು ಘೋಷಿಸಿತು. 2024ರ ಜುಲೈ 30ರಂದು ವಯನಾಡಿನಲ್ಲಿ ಗುಡ್ಡ ಕುಸಿದಾಗ, ಆ ಒಂದು ದಿನದ ಮಳೆ ಮಾನವಜನ್ಯ ಬಿಸಿಯೇರಿಕೆಯಿಂದಾಗಿ ಸುಮಾರು ಶೇ 10ರಷ್ಟು ಹೆಚ್ಚು ತೀವ್ರವಾಗಿತ್ತೆಂದು ಅಂತರರಾಷ್ಟ್ರೀಯ ವಿಜ್ಞಾನಿಗಳ ತಂಡವೊಂದು ಅಂದಾಜಿಸಿತು. ಇಂಥ ಅಂದಾಜು ಮಾಡುವ ಕ್ರಮ ಹೀಗಿದೆ: ಇಂದಿನ ಹವಾಮಾನವನ್ನೂ, ಬಿಸಿಯೇರಿಕೆ ಆಗದೆ ಇದ್ದಿದ್ದರೆ ಇರುತ್ತಿದ್ದ ಹವಾಮಾನವನ್ನೂ ಕಂಪ್ಯೂಟರ್ ಮಾದರಿಗಳಲ್ಲಿ ಓಡಿಸಿ, ಅಂಥದೇ ಅಪರೂಪದ ಮಳೆ ಎರಡರಲ್ಲಿ ಎಷ್ಟೆಷ್ಟು ತೀವ್ರವಾಗಿ ಬರುತ್ತದೆಂದು ಹೋಲಿಸುತ್ತಾರೆ. ಶೇ 10 ಎಂಬುದನ್ನು ಕೇಳಿ ‘ಅಷ್ಟೇನಾ’ ಎನ್ನುವವರಿದ್ದಾರೆ. ಆದರೆ ಮಣ್ಣು ಆಗಲೇ ನೀರು ಕುಡಿದು ಸಡಿಲಗೊಂಡಿರುವಾಗ ಜರಿಯುವುದೋ ನಿಲ್ಲುವುದೋ ಎಂಬುದು ಆ ಕೊನೆಯ ಹತ್ತರಲ್ಲಿ ತೀರ್ಮಾನವಾಗಬಹುದು. ಹಾಗೆಂದು ಉಳಿದ ತೊಂಬತ್ತನ್ನು ಮರೆಯಬೇಕಿಲ್ಲ. ಇಳಿಜಾರನ್ನು ಕಡಿದು ರಸ್ತೆ, ರೆಸಾರ್ಟ್ ಮಾಡಿದ್ದರ ಹೊಣೆಯನ್ನು ಹವಾಮಾನ ಬದಲಾವಣೆಯ ಹೆಗಲಿಗೆ ಹೊರಿಸಿ ಕೈತೊಳೆದುಕೊಳ್ಳುವುದು ಇತ್ತೀಚೆಗೆ ಬೆಳೆದಿರುವ ಒಂದು ಕೆಟ್ಟ ರೂಢಿ.

ಮಲೆನಾಡಿನ ಬದಲಾವಣೆಯನ್ನು ಇನ್ನೂ ಹತ್ತಿರದಿಂದ ನೋಡಲು ಕಾಫಿ ತೋಟ ಒಳ್ಳೆಯ ಜಾಗ. ಕಾಫಿ ಗಿಡದ ಗೆಣ್ಣುಗಳಲ್ಲಿ ಮೂಡಿದ ಮೊಗ್ಗುಗಳು ಚಳಿಗಾಲದ ಒಣಹವೆಯಲ್ಲಿ ಬೆಳವಣಿಗೆ ನಿಲ್ಲಿಸಿ ಕಾಯುತ್ತವೆ. ಫೆಬ್ರುವರಿ, ಮಾರ್ಚ್ ಹೊತ್ತಿಗೆ ರೊಬಸ್ಟಾಕ್ಕೂ, ಮಾರ್ಚ್, ಏಪ್ರಿಲ್‌ನಲ್ಲಿ ಅರೇಬಿಕಾಕ್ಕೂ ಒಂದು ಹದವಾದ ಮಳೆ, ಅಂದರೆ ಸುಮಾರು ಒಂದು ಇಂಚಿನಷ್ಟು, ಬೇಕು. ಬೆಳೆಗಾರರು ಇದನ್ನು ಹೂಮಳೆ ಎನ್ನುತ್ತಾರೆ. ಮಳೆಯಾಗಿ ಎಂಟು ಹತ್ತು ದಿನಗಳಲ್ಲಿ ತೋಟವಿಡೀ ಬೆಳ್ಳಗೆ ಅರಳುತ್ತದೆ. ಆಮೇಲೆ ಎರಡು ಮೂರು ವಾರಗಳೊಳಗೆ ಮತ್ತೊಂದು ಮಳೆ ಬಿದ್ದರೆ ಕಾಯಿ ಕಚ್ಚುತ್ತದೆ. ಹೂಮಳೆ ಐದಾರು ಮಿ.ಮೀ.ಗೆ ನಿಂತರೆ ಮೊಗ್ಗು ಅರ್ಧಂಬರ್ಧ ಬಿಚ್ಚಿ ಕರಗುತ್ತದೆ. ಹೂವರಳಿದ ದಿನವೇ ಜೋರು ಮಳೆಯಾದರೆ ಪರಾಗ ತೊಳೆದುಹೋಗುತ್ತದೆ. 2021ರ ಜನವರಿಯಲ್ಲಿ ಕೊಡಗು, ಚಿಕ್ಕಮಗಳೂರು, ಹಾಸನ ಜಿಲ್ಲೆಗಳಲ್ಲಿ ಅಕಾಲಿಕವಾಗಿ ಮಳೆ ಸುರಿದಾಗ, ಒಂದೆಡೆ ಹಣ್ಣು ಉದುರಿ ಕಣದಲ್ಲಿ ಹರಡಿದ ಕಾಫಿ ಒಣಗದೆ ಕೆಟ್ಟಿತು, ಇನ್ನೊಂದೆಡೆ ಕೊಯ್ಲು ಮುಗಿಯುವ ಮೊದಲೇ ಮುಂದಿನ ವರ್ಷದ ಹೂ ಬಿಡಲು ತೊಡಗಿತು. ವರ್ಷದ ಒಟ್ಟು ಮಳೆಯ ಮುಂದೆ ಆ ಜನವರಿಯ ಮಳೆ ಲೆಕ್ಕಕ್ಕೇ ಬರುವುದಿಲ್ಲ. ಬೆಳೆಯ ಮಟ್ಟಿಗೆ ಅದು ಎರಡು ವರ್ಷಗಳ ಫಸಲನ್ನು ಮುಟ್ಟಿತು. ನೀರಿನ ಅನುಕೂಲವಿರುವವರು ಸ್ಪ್ರಿಂಕ್ಲರ್ ಹಾಕಿ ಹೂಮಳೆಯನ್ನು ತಾವೇ ಕೊಡುತ್ತಾರೆ. ಆದರೆ ಬೇಡದ ಮಳೆಯನ್ನು ತಡೆಯುವ ಯಂತ್ರ ಯಾರಲ್ಲಿಯೂ ಇಲ್ಲ. ಅಡಿಕೆ ಬೆಳೆಗಾರರ ಪಾಡೂ ಇಂಥದೇ: ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಸಿಂಪಡಿಸಲು ಒಂದೆರಡು ದಿನದ ಹೊಳವು ಬೇಕು, ಮಳೆಗಾಲ ಮುಂದಕ್ಕೆ ಸರಿದು ಅಕ್ಟೋಬರ್‌ವರೆಗೂ ಹಿಡಿದರೆ ಸಿಂಪಡಣೆಯ ಸುತ್ತುಗಳೂ ಖರ್ಚೂ ಏರುತ್ತವೆ.

ಬಯಲುಸೀಮೆಯಲ್ಲಿ ಪ್ರಶ್ನೆಯಿರುವುದು ಬಿಡುವಿನ ದಿನಗಳದ್ದು. ಚಳ್ಳಕೆರೆ, ಪಾವಗಡಗಳ ಮಳೆಯಾಶ್ರಿತ ಶೇಂಗಾ ಬಿತ್ತಿದ ಮೇಲೆ ಮೊದಲ ಮೂರು ವಾರ ಮಳೆ ತಡವಾದರೂ ತಡೆದುಕೊಳ್ಳುತ್ತದೆ. ಹೂವು ಕಳೆದು, ಸೂಜಿಯಂಥ ಕುಡಿ ಮಣ್ಣಿಗಿಳಿದು ಕಾಯಿ ಕಟ್ಟುವ ಹಂತದಲ್ಲಿ ನೆಲ ಗಟ್ಟಿಯಾಗಿಬಿಟ್ಟರೆ ಗಿಡ ಹಸಿರಾಗಿದ್ದರೂ ಕೀಳುವಾಗ ಕಾಯಿ ಇರುವುದಿಲ್ಲ. ಆ ಹಂತ ಬೀಳುವುದು ಹೆಚ್ಚಾಗಿ ಆಗಸ್ಟ್ ಹಾಗೂ ಸೆಪ್ಟೆಂಬರ್ ಆರಂಭದಲ್ಲಿ. ‘ಬಂದರೆ ಮಘೆ, ಹೋದರೆ ಹೊಗೆ’ ಎಂಬ ಗಾದೆ ಆಗಸ್ಟ್ ಉತ್ತರಾರ್ಧದ ಮಳೆಯ ಬಗ್ಗೆಯೇ ಇರುವುದು ಆಕಸ್ಮಿಕವಲ್ಲ. 2023ರ ಆಗಸ್ಟ್ ತಿಂಗಳು, 1901ರಿಂದ ಇಟ್ಟ ದಾಖಲೆಗಳಲ್ಲಿ ದೇಶದ ಅತ್ಯಂತ ಒಣ ಆಗಸ್ಟ್ ಆಗಿತ್ತು. ಕೊರತೆ ಶೇ 36. ಇಡೀ ಮುಂಗಾರಿನ ದೇಶದ ಲೆಕ್ಕ ಶೇ 94ಕ್ಕೆ ಬಂದು ನಿಂತಿತಾದರೂ, ಕರ್ನಾಟಕದಲ್ಲಿ ಕೊನೆಗೆ 223 ತಾಲ್ಲೂಕುಗಳನ್ನು ಬರಪೀಡಿತವೆಂದು ಘೋಷಿಸಬೇಕಾಯಿತು. ಬರ ಘೋಷಣೆಯ ಮಾನದಂಡಗಳಲ್ಲಿ ಋತುವಿನ ಒಟ್ಟು ಕೊರತೆಯ ಜೊತೆಗೆ ಸತತ ಮೂರು ನಾಲ್ಕು ವಾರಗಳ ಮಳೆ ಕೊರತೆಯನ್ನೂ ಸೇರಿಸಿರುವುದು ಈ ಕಾರಣಕ್ಕೇ.

ಉತ್ತರ ಒಳನಾಡಿನ ಕರಿನೆಲದಲ್ಲಿ ಸಮಸ್ಯೆ ಮತ್ತೊಂದು ರೂಪ ತಾಳುತ್ತದೆ. ವಿಜಯಪುರ, ಬಾಗಲಕೋಟೆಗಳ ಹಿಂಗಾರಿ ಜೋಳ ಬೆಳೆಯುವುದು ಬೀಳುವ ಮಳೆಯಲ್ಲಲ್ಲ, ಮಣ್ಣಿನೊಳಗೆ ಕೂಡಿಟ್ಟ ಹಸಿಯಲ್ಲಿ. ಸೆಪ್ಟೆಂಬರ್ ನಡುವಿನಿಂದ ಅಕ್ಟೋಬರ್ ನಡುವಿನ ತನಕ ಬಿತ್ತನೆಯ ಹದ. ಆ ಹೊತ್ತಿಗೆ ಮಳೆ ಬಿಡದೆ ಸುರಿದರೆ ಎರೆಮಣ್ಣು ಕೆಸರಾಗಿ ಕೂರಿಗೆ ಹೂಡಲಾಗುವುದಿಲ್ಲ. ನೆಲ ಆರುವ ತನಕ ಕಾದು ತಡವಾಗಿ ಬಿತ್ತಿದರೆ ತೆನೆ ಹಾಲುಗಟ್ಟುವ ಕಾಲಕ್ಕೆ ಬಿಸಿಲು ಏರಿರುತ್ತದೆ. ಹಳೆ ಮೈಸೂರಿನ ರಾಗಿಗೆ ಇದೇ ತೊಂದರೆ ಕೊಯ್ಲಿನಲ್ಲಿ. 2021ರ ನವೆಂಬರ್‌ನಲ್ಲಿ ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು ಭಾಗಗಳಲ್ಲಿ ವಾರಗಟ್ಟಲೆ ಸುರಿದ ಮಳೆಗೆ ಒರಗಿಬಿದ್ದ ರಾಗಿ ತೆನೆಯಲ್ಲೇ ಮೊಳೆಯಿತು. ಬರಪೀಡಿತವೆಂದು ಹೆಸರಾದ ಜಿಲ್ಲೆಗಳಲ್ಲಿ ಮಳೆ ಹೆಚ್ಚಿ ಬೆಳೆ ಹೋಯಿತು.

ಮಳೆ ನಕ್ಷತ್ರಗಳ ಲೆಕ್ಕ ತಪ್ಪುತ್ತಿದೆ ಎಂಬ ಮಾತನ್ನು ಊರಿನ ಹಿರಿಯರು ಆಗಾಗ ಹೇಳುತ್ತಾರೆ. ಇದರಲ್ಲಿ ಎರಡು ಸಂಗತಿಗಳು ಕಲೆತಿವೆ. ರೋಹಿಣಿ, ಮೃಗಶಿರಾ, ಆರಿದ್ರಾ ಎಂಬ ಹದಿಮೂರು ಹದಿನಾಲ್ಕು ದಿನಗಳ ಪಾಲುಗಳು ಸೂರ್ಯನು ನಕ್ಷತ್ರಗಳ ಹಿನ್ನೆಲೆಯಲ್ಲಿ ಎಲ್ಲಿದ್ದಾನೆಂಬುದನ್ನು ಅವಲಂಬಿಸಿವೆ. ಋತುಗಳಾದರೋ ಭೂಮಿಯ ಅಕ್ಷದ ಓರೆಯನ್ನು ಅವಲಂಬಿಸಿವೆ. ಅಕ್ಷವು ನಿಧಾನವಾಗಿ ತಿರುಗುವುದರಿಂದ ಇವೆರಡರ ನಡುವೆ ಸುಮಾರು 72 ವರ್ಷಕ್ಕೆ ಒಂದು ದಿನದಷ್ಟು ಅಂತರ ಬೆಳೆಯುತ್ತದೆ. ಡಿಸೆಂಬರ್ 21–22ಕ್ಕೇ ಸೂರ್ಯ ಉತ್ತರಕ್ಕೆ ತಿರುಗಿದ್ದರೂ ನಾವು ಸಂಕ್ರಾಂತಿ ಆಚರಿಸುವುದು ಜನವರಿ 14–15ಕ್ಕೆ ಎಂಬುದರಲ್ಲಿ ಈ ಅಂತರ ಕಾಣುತ್ತದೆ. ಆದರೆ ಅಜ್ಜನ ಕಾಲದಿಂದ ಮೊಮ್ಮಗನ ಕಾಲಕ್ಕೆ ಇದು ಒಂದು ದಿನದ ವ್ಯತ್ಯಾಸ ಮಾತ್ರ. ಎರಡು ವಾರಗಳ ಪಲ್ಲಟ ಕಂಡುಬಂದರೆ ಅದಕ್ಕೆ ಪಂಚಾಂಗವನ್ನು ದೂರಬೇಕಿಲ್ಲ, ಕಾರಣ ಆಕಾಶದಿಂದ ಕೆಳಗೆ, ಕಡಲಿನಲ್ಲಿದೆ.

ಮುಂಗಾರು ಮುಂಚಿತವಾಗುತ್ತಿದೆಯೋ ತಡವಾಗುತ್ತಿದೆಯೋ ಎಂದು ಕೇಳಿದರೂ ನೇರವಾದ ಉತ್ತರವಿಲ್ಲ. ಕೇರಳಕ್ಕೆ ಮುಂಗಾರು ಕಾಲಿಡುವ ವಾಡಿಕೆ ದಿನ ಜೂನ್ 1. 2023ರಲ್ಲಿ ಅರಬ್ಬೀ ಸಮುದ್ರದ ಬಿಪೊರ್‌ಜಾಯ್ ಚಂಡಮಾರುತದ ನಡುವೆ ಅದು ಜೂನ್ 8ರವರೆಗೆ ತಡವಾಯಿತು. 2025ರಲ್ಲಿ ಮೇ 24ಕ್ಕೇ ಬಂದು ಎರಡೇ ದಿನಗಳಲ್ಲಿ ಬೆಂಗಳೂರು, ಮುಂಬೈಗಳನ್ನೂ ತಲುಪಿತು. ಇತ್ತ ಹಿಂದೆ ಸರಿಯುವ ದಿನಾಂಕ ಮಾತ್ರ ಸ್ಪಷ್ಟವಾಗಿ ಮುಂದಕ್ಕೆ ಹೋಗಿದೆ. ವಾಯವ್ಯ ಭಾರತದಿಂದ ಮುಂಗಾರಿನ ನಿರ್ಗಮನ ಆರಂಭವಾಗುವ ದಿನ ಸೆಪ್ಟೆಂಬರ್ 1 ಎಂದಿದ್ದುದನ್ನು ಇಲಾಖೆ 2020ರಲ್ಲಿ ಸೆಪ್ಟೆಂಬರ್ 17ಕ್ಕೆ ಪರಿಷ್ಕರಿಸಿತು. ಅರಬ್ಬೀ ಸಮುದ್ರದ ಚಂಡಮಾರುತಗಳು ಕಳೆದ ಎರಡು ದಶಕಗಳಲ್ಲಿ ಹೆಚ್ಚಿರುವುದರಿಂದ ಮೇ, ಜೂನ್ ಮತ್ತು ಅಕ್ಟೋಬರ್ ತಿಂಗಳುಗಳ ಮಳೆಯನ್ನು ಮೊದಲೇ ಊಹಿಸುವುದು ಕಷ್ಟವಾಗುತ್ತಿದೆ. 2019ರ ಕ್ಯಾರ್, 2021ರ ತೌಕ್ತೆ ನೆನಪಿನಲ್ಲಿರಬಹುದು.

ಇಲ್ಲಿ ಒಂದು ಎಚ್ಚರಿಕೆ ಬೇಕು. ಒಂದು ವರ್ಷದ ಏರುಪೇರನ್ನೆಲ್ಲ ಹವಾಮಾನ ಬದಲಾವಣೆಯ ಖಾತೆಗೆ ಬರೆಯುವಂತಿಲ್ಲ. 2023ರ ಒಣ ಆಗಸ್ಟ್‌ನ ಹಿಂದೆ ಎಲ್ ನಿನೊ, ಅಂದರೆ ಪೆಸಿಫಿಕ್ ಸಾಗರದ ಮೇಲ್ಮೈ ಕೆಲವು ವರ್ಷಗಳಿಗೊಮ್ಮೆ ಬಿಸಿಯೇರುವ ವಿದ್ಯಮಾನ, ಇತ್ತು. 2019ರ ಋತುವಿನ ಕೊನೆಯ ಧಾರಾಕಾರ ಮಳೆಯ ಹಿಂದೆ ಹಿಂದೂ ಮಹಾಸಾಗರದ ಪಶ್ಚಿಮ ಭಾಗ ಪೂರ್ವಕ್ಕಿಂತ ಅಸಾಮಾನ್ಯವಾಗಿ ಬಿಸಿಯಾಗಿತ್ತು. ಇವು ಹಿಂದೆಯೂ ಬಂದು ಹೋಗುತ್ತಿದ್ದ ಸ್ವಾಭಾವಿಕ ಏರಿಳಿತಗಳು. ಬಿಸಿಯೇರಿದ ಜಗತ್ತಿನಲ್ಲಿ ಅವುಗಳ ಫಲ ಇನ್ನಷ್ಟು ಬಿರುಸಾಗುತ್ತದೆ ಎಂಬಷ್ಟೇ ಮಾತನ್ನು ಧೈರ್ಯವಾಗಿ ಹೇಳಬಹುದು.

ಉಷ್ಣತೆಯ ವಿಷಯ ಮಳೆಯಷ್ಟು ಜಟಿಲವಲ್ಲ, ಏರಿಕೆಯ ದಿಕ್ಕು ಎಲ್ಲೆಡೆ ಒಂದೇ. 1901–2018ರ ನಡುವೆ ಭಾರತದ ಸರಾಸರಿ ಉಷ್ಣತೆ ಸುಮಾರು 0.7 ಡಿಗ್ರಿ ಏರಿತು, 2024 ಅಲ್ಲಿಯವರೆಗಿನ ಅತಿ ಬಿಸಿ ವರ್ಷವಾಯಿತು. 1986ರಿಂದ 2015ರ ಮೂವತ್ತೇ ವರ್ಷಗಳಲ್ಲಿ ವರ್ಷದ ಅತಿ ಬಿಸಿ ಹಗಲು 0.63 ಡಿಗ್ರಿಯಷ್ಟೂ, ಅತಿ ತಣ್ಣನೆಯ ರಾತ್ರಿ 0.4 ಡಿಗ್ರಿಯಷ್ಟೂ ಬಿಸಿಯೇರಿದವು. ಗಂಗಾ ಬಯಲಿನಲ್ಲಿ ಬೇಸಿಗೆಯ ಏರಿಕೆ ನಿಧಾನವಾಗಿರುವುದಕ್ಕೆ ಹೊಗೆಯ ಕಣಗಳ ಜೊತೆಗೆ ವಿಸ್ತಾರವಾದ ನೀರಾವರಿಯೂ ಕಾರಣವೆಂದು ತಿಳಿಯಲಾಗಿದೆ. ಒಣ ಬೇಸಾಯದ ನಮ್ಮ ಒಳನಾಡಿಗೆ ಆ ತಂಪಿಲ್ಲ. ಬೆಂಗಳೂರಿನಲ್ಲಿ 2016ರ ಏಪ್ರಿಲ್ 24ರಂದು 39.2 ಡಿಗ್ರಿ ದಾಖಲಾಗಿ ನಗರದ ಗರಿಷ್ಠವೆನಿಸಿತು. 2024ರ ಏಪ್ರಿಲ್ 28ರಂದು ಅದು 38.5ನ್ನು ಮುಟ್ಟಿತು. ಅದಾಗಿ ಐದು ವಾರಕ್ಕೆ, ಜೂನ್ 2ರಂದು, ಒಂದೇ ದಿನ 111.1 ಮಿ.ಮೀ. ಸುರಿದು 133 ವರ್ಷಗಳ ಜೂನ್ ದಾಖಲೆ ಮುರಿಯಿತು. ಜೂನ್ ತಿಂಗಳಿಡೀ ಬೀಳಬೇಕಾದ ಮಳೆ ಹೆಚ್ಚುಕಡಿಮೆ ಅಷ್ಟೇ.

ಉಷ್ಣತೆಯನ್ನು ಮಳೆಯಿಂದ ಬೇರೆಯಾಗಿ ನೋಡುವುದರಿಂದ ಒಂದು ಮುಖ್ಯ ಅಂಶ ತಪ್ಪಿಹೋಗುತ್ತದೆ. ಬಿಸಿಲು ಹೆಚ್ಚಿದಷ್ಟೂ ಮಣ್ಣು, ಕೆರೆ, ಎಲೆಗಳಿಂದ ಆವಿಯಾಗುವ ನೀರು ಹೆಚ್ಚುತ್ತದೆ. ರಾಯಚೂರಿನಲ್ಲಿ ಮಳೆ ಹಿಂದಿನಷ್ಟೇ ಬಿದ್ದರೂ ಬೆಳೆಯ ಪಾಲಿಗೆ ಉಳಿಯುವುದು ಕಡಿಮೆ. ಅಂದರೆ ಮಳೆ ಕೊರತೆಯಿಲ್ಲದ ಬರ ಸಾಧ್ಯ. ವಾಡಿಕೆಯ ಶೇಕಡಾವಾರು ಲೆಕ್ಕ ಇದನ್ನು ಹಿಡಿಯಲಾರದು, ಮಣ್ಣಿನ ತೇವಾಂಶವನ್ನೇ ಅಳೆಯಬೇಕಾಗುತ್ತದೆ. ಚಳಿಗಾಲದ ರಾತ್ರಿಗಳು ಬೆಚ್ಚಗಾಗುವುದರ ಪರಿಣಾಮ ಮಾವಿನಲ್ಲಿ ಕಾಣುತ್ತದೆ. ಶ್ರೀನಿವಾಸಪುರದಲ್ಲಾಗಲಿ ಧಾರವಾಡದಲ್ಲಾಗಲಿ ಡಿಸೆಂಬರ್–ಜನವರಿಯ ಚಳಿ ಸಾಲದಿದ್ದರೆ ಮರ ಹೂವಿನ ಬದಲು ಚಿಗುರು ಬಿಡುತ್ತದೆ.

ಈ ಎಲ್ಲದರ ಬಗ್ಗೆ ವಿಜ್ಞಾನದ ಭರವಸೆ ಒಂದೇ ಮಟ್ಟದ್ದಲ್ಲ. ಉಷ್ಣತೆ ಏರುತ್ತದೆಂಬುದರಲ್ಲಿ ಅನುಮಾನವಿಲ್ಲ. ಅತಿವೃಷ್ಟಿಯ ದಿನಗಳು ಹೆಚ್ಚುತ್ತವೆಂಬುದು ಬಹುಮಟ್ಟಿಗೆ ಖಚಿತ. ಮುಂಗಾರಿನ ಒಟ್ಟು ಮಳೆ ಹೆಚ್ಚುತ್ತದೆಂಬುದರ ಭರವಸೆ ಅದಕ್ಕಿಂತ ಕೆಳಗೆ. ಇಂಥ ತಾಲ್ಲೂಕಿನಲ್ಲಿ 2050ರ ಹೊತ್ತಿಗೆ ಇಷ್ಟೇ ಮಳೆ ಎಂದು ಯಾರಾದರೂ ಹೇಳಿದರೆ ನಂಬಬೇಕಾಗಿಲ್ಲ: ಜಾಗತಿಕ ಮಾದರಿಗಳ ಒಂದೊಂದು ಚೌಕ ನೂರು ಕಿಲೋಮೀಟರಿನಷ್ಟು ಅಗಲವಿರುತ್ತದೆ, ಅದರೊಳಗೆ ಘಟ್ಟದ ನೆತ್ತಿಯೂ ಅದರ ಮಳೆನೆರಳೂ ಒಂದಾಗಿಬಿಡುತ್ತವೆ.

ಊರಿನ ಮಟ್ಟದ ಉತ್ತರ ಬರಬೇಕಾದುದು ಮಾದರಿಗಳಿಗಿಂತ ಹೆಚ್ಚಾಗಿ ಮಾಪಕಗಳಿಂದ. ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವು ಗ್ರಾಮ ಪಂಚಾಯಿತಿಗೊಂದರಂತೆ ಸುಮಾರು 6,500 ಸ್ವಯಂಚಾಲಿತ ಮಳೆಮಾಪಕಗಳನ್ನು ನಡೆಸುತ್ತಿದೆ. ದಿನಕ್ಕೊಮ್ಮೆ ಓದುವ ಹಳೆಯ ಪಾತ್ರೆಗಳಿಗೆ ಭಿನ್ನವಾಗಿ ಇವು ಹದಿನೈದು ನಿಮಿಷಕ್ಕೊಮ್ಮೆ ಲೆಕ್ಕ ಕಳಿಸುವುದರಿಂದ, ಒಂದು ಗಂಟೆಯ ಬಿರುಮಳೆಯನ್ನೂ ದಿನವಿಡೀ ಹನಿದ ಸೋನೆಯನ್ನೂ ಬೇರ್ಪಡಿಸಿ ನೋಡಬಹುದು. ಅಡಿಕೆ, ಕಾಳುಮೆಣಸುಗಳ ಹವಾಮಾನ ಆಧಾರಿತ ಬೆಳೆ ವಿಮೆಯ ಪರಿಹಾರ ನಿಗದಿಯಾಗುವುದು ಈ ಮಾಪಕಗಳ ಅಂಕಿಗಳಿಂದಲೇ, ಆದ್ದರಿಂದ ಪಂಚಾಯಿತಿ ಕಚೇರಿಯ ಆವರಣದಲ್ಲಿರುವ ಮಾಪಕದ ಮೇಲೆ ಮರದ ಕೊಂಬೆ ಚಾಚಿಕೊಂಡರೂ ಬೆಳೆಗಾರರು ತಕರಾರು ತೆಗೆಯುತ್ತಾರೆ, ತೆಗೆಯಬೇಕಾದದ್ದೇ. ಈ ಜಾಲಕ್ಕೆ ಇನ್ನೂ ಮೂವತ್ತು ವರ್ಷ ತುಂಬಿಲ್ಲ. ತುಂಬುವ ತನಕ ಪಂಚಾಯಿತಿ ಮಟ್ಟದ ವಾಡಿಕೆಯನ್ನು ದೂರದ ಹಳೆಯ ಮಾಪಕಗಳಿಂದ ಅಂದಾಜು ಮಾಡಿಕೊಂಡೇ ನಡೆಸಬೇಕು, ಮತ್ತು ಅದು ತುಂಬುವ ಹೊತ್ತಿಗೆ ಆ ಮೂವತ್ತು ವರ್ಷಗಳ ಮೊದಲ ದಶಕಕ್ಕೂ ಕೊನೆಯ ದಶಕಕ್ಕೂ ಒಂದೇ ವಾಡಿಕೆಯನ್ನು ಅನ್ವಯಿಸಬಹುದೇ ಎಂಬ ಪ್ರಶ್ನೆಯನ್ನು ವಿಮೆಯ ಷರತ್ತುಗಳನ್ನು ಬರೆಯುವವರು ಎದುರಿಸಬೇಕಾಗುತ್ತದೆ.